ಪದ್ಮಿನಿಗೆ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್: ಎರಡು ಬೇಸಿಗೆ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪಂಪ್ ಚೆನ್ನಾಗಿದೆ. ಆದರೆ ಯಾವ ಕಾಯಿಲೆಗೆ ಅಂತ ತಂದೆನೋ ಆ ಕಾಯಿಲೆಗೆ ಇದು ಮದ್ದಾಗಿರಲಿಲ್ಲ. ತಪ್ಪು ಪಂಪಿನದಲ್ಲ, ನನ್ನದು. ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಎಲ್ಲಿ ಹೋಯಿತು ಅಂತ ಮುಂದೆ ಗೊತ್ತಾಗುತ್ತದೆ.

ನಮ್ಮದು 1987ರ ಪ್ರೀಮಿಯರ್ ಪದ್ಮಿನಿ. ಅಪ್ಪ ಕೊಂಡಿದ್ದು. 1089 ಸಿಸಿ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಕುವೆಂಪುನಗರದ ನಮ್ಮ ಬೀದಿಯ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ‘ಫಿಯಟ್ಟು’. ಬೆಳಗ್ಗೆ ಚೋಕ್ ಎಳೆದು ಒಂದು ಸೆಲ್ಫ್ ಹೊಡೆದರೆ ಸಾಕು, ಸ್ಟಾರ್ಟ್ ಆಗುತ್ತದೆ. ತೊಂದರೆ ಶುರುವಾಗಿದ್ದು ಬಿಸಿಯಾದ ಮೇಲೆ. ಒಂದು ಗಂಟೆ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಬಂದರೆ ಮುಗಿಯಿತು. ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ.

ಮೊದಲ ಸಲ ಕೈಕೊಟ್ಟಿದ್ದು ಮದ್ದೂರಿನಲ್ಲಿ. ವಡೆ ತಿಂದು ಕಾಫಿ ಕುಡಿದು ಬಂದೆವು. ಗಾಡಿ ಜಪ್ಪಯ್ಯ ಅಂದರೂ ಇಲ್ಲ. ಸುತ್ತ ನಾಲ್ಕು ಜನ ಸೇರಿದರು. ಹಳೇ ಕಾರು ಕೆಟ್ಟು ನಿಂತರೆ ನಮ್ಮ ಕಡೆ ಜನಕ್ಕೆ ಎಲ್ಲಿಲ್ಲದ ಉತ್ಸಾಹ. “ಏರ್ ಲಾಕ್ ಆಗೈತೆ ಕಣಣ್ಣ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ” ಅಂದರು ಒಬ್ಬರು. ಹಾಕಿದೆ. ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಯಿತು. ಆ ದಿನದಿಂದ ಡಿಕ್ಕಿಯಲ್ಲಿ ಒಂದು ಟವೆಲ್, ಎರಡು ಲೀಟರ್ ನೀರು ಖಾಯಂ.

ಏರ್ ಲಾಕ್, ಅಂದರೆ ಪೈಪಿನಲ್ಲಿ ಪೆಟ್ರೋಲ್ ಆವಿ ಸಿಕ್ಕಿಕೊಂಡು ಹರಿವು ನಿಲ್ಲುವುದು, ಸುಳ್ಳಲ್ಲ. ಇಂಜಿನ್ ಆಫ್ ಮಾಡಿದ ಕೂಡಲೇ ಫ್ಯಾನ್ ನಿಲ್ಲುತ್ತದೆ, ನೀರಿನ ಓಡಾಟವೂ ನಿಲ್ಲುತ್ತದೆ. ಬ್ಲಾಕಿನಲ್ಲಿರುವ ಬಿಸಿ ಬಾನೆಟ್ ಒಳಗೇ ಹರಡಿಕೊಳ್ಳುತ್ತದೆ. ಹಾಗಾಗಿ ಓಡುವಾಗ ಇದ್ದದ್ದಕ್ಕಿಂತ ನಿಲ್ಲಿಸಿದ ಹತ್ತು ಹದಿನೈದು ನಿಮಿಷಕ್ಕೆ ಅಲ್ಲಿ ಕಾವು ಜಾಸ್ತಿ. ಇಂಜಿನ್ನಿಗೇ ಬೋಲ್ಟ್ ಹಾಕಿರುವ ಹಳೇ ಪಂಪಿನಲ್ಲಿ, ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿಬಿಡುತ್ತದೆ. ಈ ಪಂಪು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳಬೇಕು. ಎಳೆಯುವಾಗ ಪೈಪಿನೊಳಗೆ ಒತ್ತಡ ಕಡಿಮೆಯಾಗುತ್ತದೆ, ಒತ್ತಡ ಕಡಿಮೆಯಾದರೆ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಅದರ ಮೇಲೆ ಈಗ ಬಂಕಿನಲ್ಲಿ ಹಾಕುವುದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ 78 ಡಿಗ್ರಿಗೇ ಕುದಿಯುವ ಮಾಲು. ಮಂಡ್ಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ಗಾಡಿ ಕಾಯುವುದು ಹಳೇ ಕಥೆ. ಈಗ ಕಬ್ಬು ಟ್ಯಾಂಕಿನೊಳಗೂ ಬಂದಿದೆ!

ಇಷ್ಟೆಲ್ಲ ಓದಿಕೊಂಡು ಎಲೆಕ್ಟ್ರಿಕ್ ಪಂಪ್ ತರಿಸಿದೆ. 12 ವೋಲ್ಟಿನದು, ಕಾರ್ಬ್ಯುರೇಟರ್ ಗಾಡಿಗೆ ಹೊಂದುವ 2ರಿಂದ 4 ಪಿಎಸ್‌ಐ ಒತ್ತಡದ್ದು. ಇಂಜೆಕ್ಷನ್ ಕಾರಿನ ಪಂಪ್ ತಂದು ಹಾಕಬೇಡಿ, ಅದರ ಒತ್ತಡಕ್ಕೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ನೀಡಲ್ ತಡೆಯುವುದಿಲ್ಲ, ಓವರ್‌ಫ್ಲೋ ಆಗುತ್ತದೆ. ನಮ್ಮ ಮೇಸ್ತ್ರಿ ಅದನ್ನು ಹಿಂದೆ, ಟ್ಯಾಂಕಿನ ಹತ್ತಿರ ತಗ್ಗಿನಲ್ಲಿ ಕೂರಿಸಿದರು. ಹಳೇ ಪಂಪ್ ಬಿಚ್ಚಿದ ಜಾಗಕ್ಕೆ ತಗಡಿನ ಪ್ಲೇಟು, ಪ್ಯಾಕಿಂಗ್. ಅದನ್ನು ಮುಚ್ಚದಿದ್ದರೆ ಆಯಿಲ್ ಹೊರಗೆ ಬರುತ್ತದೆ. ಹಳೇ ರಬ್ಬರ್ ಪೈಪುಗಳನ್ನೂ ತೆಗೆದು ಎಥೆನಾಲ್ ತಡೆಯುವಂಥವನ್ನು ಹಾಕಿಸಿದೆ. ಕೂಲಿ ಸೇರಿ ನಾಲ್ಕು ಸಾವಿರ ದಾಟಿತು.

ಡಿಸೆಂಬರ್, ಜನವರಿ ತುಂಬ ಚೆನ್ನಾಗಿತ್ತು. ಸಿಕ್ಕವರಿಗೆಲ್ಲ ಪಂಪ್ ಹಾಕಿಸಿ ಅಂತ ಹೇಳಿಕೊಂಡು ತಿರುಗಿದೆ. ಚಳಿಗಾಲದಲ್ಲಿ ಯಾವ ಮದ್ದು ಹಾಕಿದ್ದರೂ ಗೆಲ್ಲುತ್ತಿತ್ತು ಅಂತ ಆಗ ಹೊಳೆಯಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಮನೆಯವರನ್ನು ಕರೆದುಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆ. ಏರು ರಸ್ತೆ, ಸೆಕೆಂಡ್ ಗೇರ್, ಮೇಲೆ ಹೋಗಿ ನಿಲ್ಲಿಸಿದೆವು. ದರ್ಶನ ಮುಗಿಸಿ ಬಂದು ಕೀಲಿ ತಿರುಗಿಸಿದರೆ ಅದೇ ರಾಗ. “ನ್ಯೂಟ್ರಲ್‌ಗೆ ಹಾಕಿ ಇಳಿಸಿಬಿಡಿ ಸಾರ್, ಕೆಳಗೆ ಹೋಗೋಷ್ಟರಲ್ಲಿ ಆಗುತ್ತೆ” ಅಂತ ಒಬ್ಬರು ಸಲಹೆ ಕೊಟ್ಟರು. ಇಂಜಿನ್ ಇಲ್ಲದೆ ಆ ತಿರುವುಗಳಲ್ಲಿ ಇಳಿಯುವ ಧೈರ್ಯ ನನಗಿಲ್ಲ. ಸುಮ್ನೆ ಕೂತೆ. ಆಗ ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಪಂಪ್ ಹೊಡೆದುಕೊಳ್ಳುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಧಾನವಾಯಿತು. ಅಂದರೆ ಕಾರ್ಬ್ಯುರೇಟರ್ ತುಂಬಿದೆ. ಪೆಟ್ರೋಲ್ ಇದೆ. ಹಾಗಾದರೆ ಇಲ್ಲದಿರುವುದು ಏನು?

ಕರೆಂಟ್. ಪ್ಲಗ್ ವೈರ್ ಒಂದನ್ನು ಬಿಚ್ಚಿ, ಬೇರೆ ಪ್ಲಗ್ ಸಿಕ್ಕಿಸಿ, ಅದನ್ನು ಕಾರಿನ ಲೋಹದ ಮೈಗೆ ತಾಗಿಸಿಟ್ಟು ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿದೆ. ನೀಲಿ ಕಿಡಿ ಚಟ್ ಅನ್ನಬೇಕಿತ್ತು. ಬಂದದ್ದು ಹಳದಿ ಬಣ್ಣದ ಬಡಕಲು ಕಿಡಿ, ಅದೂ ಆಗೊಮ್ಮೆ ಈಗೊಮ್ಮೆ. ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಮುಟ್ಟಿದರೆ ಕೈ ಸುಟ್ಟಿತು. ಇಪ್ಪತ್ತು ನಿಮಿಷ ಕಾದೆವು. ತಣ್ಣಗಾದ ಮೇಲೆ ತಾನಾಗಿಯೇ ಹೊರಟಿತು.

ಆಗ ಮದ್ದೂರಿನ ಟವೆಲ್ ನೆನಪಾಯಿತು. ಬಟ್ಟೆ ಹಾಕಿದರೂ ಹತ್ತು ನಿಮಿಷ ಕಾಯುತ್ತಿದ್ದೆ, ಹಾಕದಿದ್ದರೂ ಅಷ್ಟೇ ಕಾಯಬೇಕಿತ್ತು. ಪಂಪ್ ತಣ್ಣಗಾಗುವಷ್ಟರಲ್ಲಿ ಕಾಯಿಲೂ ತಣ್ಣಗಾಗುತ್ತಿತ್ತು. ಹೆಸರು ಬಟ್ಟೆಗೆ ಬಂತು.

ಮನೆಯಲ್ಲಿ ಮಲ್ಟಿಮೀಟರ್ ಹಿಡಿದರೆ ಕಾಯಿಲಿನ ಪ್ರೈಮರಿ, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಸುರುಳಿ, ತೋರಿಸಿದ್ದು ಸುಮಾರು 1.5 ಓಂ. ಇಂಥ ಕಾಯಿಲಿಗೆ ಬೇರೆಯಾಗಿ ಒಂದು ರೆಸಿಸ್ಟರ್ ಇರಬೇಕು. ನಮ್ಮ ವೈರಿಂಗ್‌ನಲ್ಲಿ ಅದಿಲ್ಲ, ಹಾಗಾಗಿ ಬೇಕಾದದ್ದು 3 ಓಂ ಕಾಯಿಲ್. ಲೆಕ್ಕ ಸುಲಭ. 12 ವೋಲ್ಟಿಗೆ 3 ಓಂ ಆದರೆ 4 ಆಂಪಿಯರ್, 1.5 ಓಂ ಆದರೆ 8. ಎರಡು ಪಟ್ಟು ಕರೆಂಟ್ ಹರಿದು ಕಾಯಿಲ್ ಒಲೆಯ ಹಾಗೆ ಕಾಯುತ್ತಿತ್ತು. ಕಾಯಿಲಿನ ಕರೆಂಟನ್ನು ಕೊಟ್ಟು ಕಡಿಯುವ ಪಾಯಿಂಟ್ ಪದೇಪದೇ ಸುಟ್ಟು ಕರಿಯಾಗುತ್ತಿದ್ದುದೂ ಇದಕ್ಕೇ. ನಾನು ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಬದಲಾಯಿಸಿದ್ದೆ. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಕಾಯಿಲ್ ಹಾಕಿ ಕಳಿಸಿದ್ದರು. ನಾನೂ ಕೇಳಿರಲಿಲ್ಲ. ಸರಿಯಾದ ಕಾಯಿಲಿಗೆ ಖರ್ಚಾಗಿದ್ದು ಪಂಪಿನ ಕಾಲು ಭಾಗ. ಆಮೇಲೆ ಬೆಟ್ಟದ ಮೇಲೆ ಒಂದು ಸಲವೂ ನಿಂತಿಲ್ಲ.

ಹಾಗಾದರೆ ಪಂಪ್ ದಂಡವಾಯಿತಾ? ಇಲ್ಲ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ ಬಿಸಿಲಿಗೆ ನಿಲ್ಲಿಸಿ ಬಂದರೂ ಈಗ ಪೆಟ್ರೋಲ್ ಬರುತ್ತದೆ. ಟ್ರಾಫಿಕ್ಕಿನಲ್ಲಿ ಆಗುತ್ತಿದ್ದ ಗೊರಗೊರ, ಎಳೆತ ಹೋಗಿದೆ. ವಾರಗಟ್ಟಲೆ ನಿಂತ ಗಾಡಿಯೂ ಬೇಗ ಹತ್ತಿಕೊಳ್ಳುತ್ತದೆ. ಮೈಲೇಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆದರೆ ಕಾರ್ಬ್ಯುರೇಟರ್ ಬಟ್ಟಲಿನಲ್ಲೇ ಪೆಟ್ರೋಲ್ ಕುದಿದು ಇಂಜಿನ್ನಿಗೆ ಹೋಗುವ ಕೊಳವೆಗೆ (ಮ್ಯಾನಿಫೋಲ್ಡಿಗೆ) ಇಳಿದರೆ ಈ ಪಂಪು ಏನೂ ಮಾಡಲಾರದು. ಪೆಟ್ರೋಲ್ ವಾಸನೆ ಗಪ್ ಅಂತ ಹೊಡೆದರೆ ಅದೇ ಕೇಸು. ಆಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ತುಳಿದು ತುಳಿದು ಬಿಟ್ಟರೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕೀಲಿ ಆನ್ ಆದ ಕೂಡಲೇ ಪಂಪ್ ಓಡುವುದೂ ಇಲ್ಲಿ ತೊಂದರೆಯೇ. ಅದಕ್ಕೆ ಡ್ಯಾಶ್ ಕೆಳಗೆ ಬೇರೆ ಸ್ವಿಚ್ ಹಾಕಿಸಿದೆ.

ಈಗ ಅಂಕ ಕಳೆದದ್ದಕ್ಕೆ ಕಾರಣ. ಡಬ್ಬಿಯಲ್ಲಿ ಯಾವ ಭಾಷೆಯಲ್ಲೂ ಒಂದು ಸಾಲಿನ ಸೂಚನೆ ಇಲ್ಲ. ಅದಕ್ಕಿಂತ ದೊಡ್ಡ ತಕರಾರು, ಇಂಜಿನ್ ನಿಂತರೆ ಪಂಪನ್ನೂ ನಿಲ್ಲಿಸುವ ವ್ಯವಸ್ಥೆ ಇಲ್ಲ. ಅಪಘಾತವಾಗಿ ಪೈಪ್ ಕಿತ್ತುಹೋದರೂ ಕೀಲಿ ಆನ್ ಇರುವ ತನಕ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹಳೇ ಪಂಪ್ ಇಂಜಿನ್ ಜೊತೆಗೇ ನಿಲ್ಲುತ್ತಿತ್ತು ಅಲ್ವಾ? ಆಯಿಲ್ ಪ್ರೆಶರ್ ಸ್ವಿಚ್ಚಿಗೆ ರಿಲೇ ಕೊಟ್ಟು ಇದನ್ನೂ ಹಾಗೇ ಮಾಡಿಸಿದ್ದೇನೆ. ಫ್ಯೂಸ್ ಕೂಡ ನಾವೇ ಹಾಕಬೇಕು. ಎರಡನೇ ಮಳೆಗಾಲದಲ್ಲಿ ಫ್ಯೂಸ್ ಹೋಲ್ಡರ್ ಹಸಿರುಗಟ್ಟಿ ರಿಂಗ್ ರಸ್ತೆಯಲ್ಲಿ ನಿಂತಿದ್ದೆ. ಸದ್ದಿನ ಬಗ್ಗೆ ನನ್ನದೇನೂ ದೂರಿಲ್ಲ, ಹಿಂದೆ ಕೂರುವ ಅಮ್ಮನಿಗೆ ಇದೆ.

ನಿಮ್ಮ ಗಾಡಿಯೂ ಬಿಸಿಯಾದಾಗ ಮುಷ್ಕರ ಹೂಡುತ್ತಿದ್ದರೆ, ಪಂಪ್ ತರಿಸುವ ಮೊದಲು ಅದು ಕೈಕೊಟ್ಟ ಜಾಗದಲ್ಲೇ, ಬಿಸಿ ಇರುವಾಗಲೇ ಕಿಡಿ ನೋಡಿ. ಮನೆಗೆ ತಂದು ತಣ್ಣಗೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನನ್ನ ಹಳೇ ಪಂಪ್ ಎಸೆದಿಲ್ಲ. ಆ ಪ್ಲೇಟ್ ತೆಗೆದರೆ ಅದೇ ಎರಡು ಬೋಲ್ಟಿಗೆ ಕೂರುತ್ತದೆ. ಡಿಕ್ಕಿಯಲ್ಲಿ, ಟವೆಲ್ ಪಕ್ಕದಲ್ಲೇ ಇದೆ.