ಕೆಟ್ಟಾಗ ಯಾವ ಕಡೆಗೆ ಕೆಡುತ್ತದೆ? ಆರ್‌ಸಿ ಸ್ವಿಚ್‌ಗಳ ಜೊತೆ ಮೂರು ವರ್ಷ

ನಮ್ಮ ಮನೆಯಲ್ಲಿ ಎರಡು ಯುದ್ಧಯಂತ್ರಗಳಿವೆ. ಒಂದು ನನ್ನದು: ಹೆಂಗ್ ಲಾಂಗ್ ಕಂಪನಿಯ 1/16 ಅಳತೆಯ ಟೈಗರ್ ಟ್ಯಾಂಕ್. ಇನ್ನೊಂದು ಅಕ್ಕನ ಮಗನ ಎಂಜಿನಿಯರಿಂಗ್ ಕಾಲೇಜು ತಂಡದ 15 ಕಿಲೋ ತೂಕದ ಕಾದಾಟದ ರೋಬೋ. ಕಾಲೇಜಿಗಿಂತ ನಮ್ಮ ಗ್ಯಾರೇಜಿನಲ್ಲೇ ಅದರ ವಾಸ ಹೆಚ್ಚು. ರಿಮೋಟಿನ ಒಂದು ಚಾನೆಲ್‌ನಿಂದ ಏನನ್ನಾದರೂ ಚಾಲೂ ಮಾಡುವ, ಬಂದ್ ಮಾಡುವ ಪುಟ್ಟ ಆರ್‌ಸಿ (ರೇಡಿಯೋ ಕಂಟ್ರೋಲ್) ಸ್ವಿಚ್ ಎರಡಕ್ಕೂ ಬೇಕು. ಇದರಲ್ಲಿ ಎರಡು ಬಗೆ: ಸುರುಳಿಯ ಅಯಸ್ಕಾಂತ ಶಕ್ತಿಯಿಂದ ಲೋಹದ ಸಂಪರ್ಕಬಿಂದುಗಳನ್ನು ಕೂಡಿಸುವ ರಿಲೇ, ಮತ್ತು ಅದೇ ಕೆಲಸವನ್ನು ಟ್ರಾನ್ಸಿಸ್ಟರಿನಿಂದ ಮಾಡುವ ಮಾಸ್‌ಫೆಟ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ರಿಲೇ ಸ್ವಿಚ್ ಐದು, ಆನ್‌ಲೈನಿನಲ್ಲಿ ತರಿಸಿದ ಮಾಸ್‌ಫೆಟ್ ಸ್ವಿಚ್ ಮೂರು ಇದುವರೆಗೆ ಬಳಸಿದ್ದೇನೆ. ಎಂಟರಲ್ಲಿ ಐದು ಇನ್ನೂ ಬದುಕಿವೆ.

ಇವು ಕೆಲಸ ಮಾಡುವ ರೀತಿ ಸರಳ. ಯಂತ್ರದೊಳಗಿದ್ದು ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಸೆಕೆಂಡಿಗೆ ಸುಮಾರು 50 ಸಲ ಒಂದು ಪಲ್ಸ್ (ಚಿಕ್ಕ ವಿದ್ಯುತ್ ಮಿಡಿತ) ಕಳುಹಿಸುತ್ತದೆ. ಪಲ್ಸ್‌ನ ಅಗಲ 1ರಿಂದ 2 ಮಿಲಿಸೆಕೆಂಡಿನ ನಡುವೆ ಇರುತ್ತದೆ. ಸ್ವಿಚ್ಚಿನ ಚಿಪ್ ಆ ಅಗಲವನ್ನು ಅಳೆದು, ಒಂದು ಗಡಿ ದಾಟಿದರೆ ಚಾಲೂ ಮಾಡುತ್ತದೆ. ನಾನು ತಂದ ಅಗ್ಗದ ರಿಲೇ ಸ್ವಿಚ್‌ಗಳಲ್ಲಿ ಆ ಗಡಿಯನ್ನು ನಟ್ಟನಡುವೆ, ಅಂದರೆ 1.5ರಲ್ಲೇ ಇಟ್ಟಿದ್ದರು. ಅಂಥದ್ದನ್ನು ನಡುವೆ ನಿಲ್ಲುವ ಕಡ್ಡಿಯ (ಜಾಯ್‌ಸ್ಟಿಕ್‌ನ) ಚಾನೆಲ್‌ಗೆ ಸಿಕ್ಕಿಸಿದರೆ ಬೆರಳು ಸ್ವಲ್ಪ ಅಲುಗಿದರೂ ರಿಲೇ ಹಲ್ಲಿಯಂತೆ ಲೊಚಗುಟ್ಟುತ್ತದೆ. ರಿಮೋಟಿನಲ್ಲಿರುವ ಎರಡು ಸ್ಥಾನದ ಗುಂಡಿಯ ಚಾನೆಲ್‌ಗೆ ಬದಲಾಯಿಸಿದ ಮೇಲೆ ಆ ಕಾಟ ತಪ್ಪಿತು. ಮಾಸ್‌ಫೆಟ್ ಸ್ವಿಚ್‌ನಲ್ಲಿ ಗಡಿಯನ್ನು ನಾವೇ ಕಲಿಸುವ ಗುಂಡಿಯಿತ್ತು. ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಸಾರ್ಥಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ‘ಎಷ್ಟು ಆಂಪಿಯರ್’ ಎಂದು. ನಾವೂ ಅದನ್ನೇ ಕೇಳಿದೆವು. ನೀಲಿ ಡಬ್ಬಿಯ ರಿಲೇ ಮೇಲೆ 10 ಆಂಪಿಯರ್, 30 ವೋಲ್ಟ್ ಡಿಸಿ ಎಂದು ಅಚ್ಚಾಗಿತ್ತು. ರೋಬೋದ ಆಯುಧವಾದ ತಿರುಗುವ ಉಕ್ಕಿನ ಚಕ್ರದ ಮೋಟಾರು ಓಡುವಾಗ 7 ಆಂಪಿಯರ್ ಎಳೆಯುತ್ತಿತ್ತು. ಧಾರಾಳವಾಯಿತು ಎಂದುಕೊಂಡೆವು. ಆದರೆ ಆ ಮೋಟಾರಿನ ಸುರುಳಿಯ ಪ್ರತಿರೋಧ 0.1 ಓಮ್. ನಿಂತ ಮೋಟಾರಿಗೆ 12 ವೋಲ್ಟ್ ಕೊಟ್ಟ ಆ ಒಂದು ಕ್ಷಣ ಅದು 120 ಆಂಪಿಯರಿನವರೆಗೂ ಬೇಡುತ್ತದೆ. ಡಬ್ಬಿಯ ಮೇಲಿನ ಅಂಕೆಯಾದರೋ ಹೀಟರಿನಂಥ ಸಾಧು ಹೊರೆಗೆ ಹೇಳಿದ್ದು.

ಮೂರನೆಯ ಭಾನುವಾರ ಅಭ್ಯಾಸ ಮುಗಿಸಿದ ಹುಡುಗ ಬಾಗಿಲಲ್ಲಿ ನಿಂತು, “ಮಾವ, ರಿಮೋಟ್ ಬಂದ್ ಮಾಡಿದ್ದೇನೆ, ಚಕ್ರ ಇನ್ನೂ ತಿರುಗುತ್ತಿದೆ” ಎಂದ. ಅವನ ದನಿಯಲ್ಲಿ ಗಾಬರಿಗಿಂತ ನಾಚಿಕೆಯೇ ಹೆಚ್ಚಿತ್ತು. ಬ್ಯಾಟರಿಯ ಪ್ಲಗ್ ಇದ್ದದ್ದು ಮೇಲಿನ ತಗಡಿನ ಕೆಳಗೆ, ಆರು ಸ್ಕ್ರೂಗಳ ಆಚೆ. ತಿರುಗುವ ಉಕ್ಕಿನ ಹತ್ತಿರ ಯಾರು ಕೈ ಹಾಕುತ್ತಾರೆ? ಗ್ಯಾರೇಜಿನ ಬಾಗಿಲು ಎಳೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಬ್ಯಾಟರಿ ಬರಿದಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಅಕ್ಕ ಎರಡು ಸಲ ಕಾಫಿ ಕಳುಹಿಸಿದಳು, ಒಳಗೆ ಏನು ಸದ್ದು ಎಂದು ಮಾತ್ರ ಕೇಳಲಿಲ್ಲ. ಪೂರ್ತಿ ಬರಿದಾದ ಆ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರಿಯಂತೆ ಊದಿಕೊಂಡಿತ್ತು.

ರಾತ್ರಿ ರಿಲೇಯ ನೀಲಿ ಮುಚ್ಚಳವನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಎರಡು ಸಂಪರ್ಕಬಿಂದುಗಳ ನಡುವೆ ಸಾಸಿವೆಗಿಂತ ಚಿಕ್ಕದೊಂದು ಕರಗಿದ ಲೋಹದ ಹನಿ ಗಟ್ಟಿಯಾಗಿ ಕುಳಿತಿತ್ತು. ಸುರುಳಿ ಚೆನ್ನಾಗಿಯೇ ಇತ್ತು, ಸ್ಪ್ರಿಂಗ್ ಕೂಡ ಎಳೆಯುತ್ತಿತ್ತು. ಬಿಂದುಗಳು ಮಾತ್ರ ಬೆಸೆದುಕೊಂಡಿದ್ದವು. ಉಗುರಿನಿಂದ ಎಬ್ಬಿಸಿದಾಗ ಟಕ್ ಎಂದು ಬಿಟ್ಟುಕೊಂಡಿತು.

ಹಾಗಾದರೆ ಮಾಸ್‌ಫೆಟ್ ಒಳ್ಳೆಯದೇ? ಅದರಲ್ಲಿ ಅಲುಗಾಡುವ ಭಾಗವಿಲ್ಲ. ಎದುರಾಳಿಯ ಪೆಟ್ಟು ಬಿದ್ದಾಗ ರಿಲೇಯ ಸಂಪರ್ಕ ಎಗರುವಂತೆ ಇಲ್ಲಿ ಏನೂ ಎಗರುವುದಿಲ್ಲ. ರಿಲೇಯ ಸುರುಳಿ ರಿಸೀವರಿನ 5 ವೋಲ್ಟಿನಿಂದ ಸುಮಾರು 70 ಮಿಲಿಆಂಪಿಯರ್ ಕುಡಿಯುತ್ತದೆ, ಇದು ಹೆಚ್ಚುಕಡಿಮೆ ಏನನ್ನೂ ಕೇಳುವುದಿಲ್ಲ. ರೋಬೋದ ಗಾಳಿಯೊತ್ತಡದ ಎತ್ತುಗೈಗೆ ಇರುವ, ವಿದ್ಯುತ್ ಸುರುಳಿಯಿಂದ ತೆರೆದುಕೊಳ್ಳುವ ಸೊಲೆನಾಯ್ಡ್ ವಾಲ್ವನ್ನು ಇದಕ್ಕೇ ಕೊಟ್ಟೆವು. ಎರಡು ತಿಂಗಳು ಒಂದೂ ತಕರಾರಿಲ್ಲ. ಆಮೇಲೆ ವಾಲ್ವ್ ಬದಲಾಯಿಸುವಾಗ ಅದಕ್ಕೆ ಅಡ್ಡಲಾಗಿ ಹಾಕಿದ್ದ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಮರಳಿ ಬೆಸುಗೆ ಹಾಕಲು ನಾನೇ ಮರೆತೆ. ಸುರುಳಿಗೆ ಕರೆಂಟ್ ತಪ್ಪಿದಾಗ ಅದು ತಿರುಗಿ ಒದೆಯುವ ವೋಲ್ಟೇಜು ಮಾಸ್‌ಫೆಟ್ಟನ್ನು ಅದೇ ದಿನ ಕೊಂದಿತು. ಅದು ಸತ್ತದ್ದೂ ಚಾಲೂ ಸ್ಥಿತಿಯಲ್ಲೇ! ಮೀಟರ್ ಹಿಡಿದರೆ ತಂತಿಯ ತುಂಡಿನಂತೆ ಸೊನ್ನೆ ಓಮ್ ತೋರಿಸಿತು. ತಪ್ಪು ನನ್ನದು, ಸ್ವಿಚ್ಚಿನದಲ್ಲ.

ಅಂದರೆ ರಿಲೇಯಾಗಲಿ ಮಾಸ್‌ಫೆಟ್ಟಾಗಲಿ ಮಿತಿ ಮೀರಿದಾಗ ಹೆಚ್ಚಾಗಿ ಬಂದ್ ಆಗಿ ಕೆಡುವುದಿಲ್ಲ, ಚಾಲೂ ಆಗಿಯೇ ಕೆಡುತ್ತದೆ. ಆದ್ದರಿಂದ ಆಯುಧದ ಮೋಟಾರಿಗೆ ಇಂಥ ಸ್ವಿಚ್ಚೇ ಬೇಡ. ಮೆಲ್ಲಗೆ ವೇಗ ಏರಿಸುವ ಸ್ಪೀಡ್ ಕಂಟ್ರೋಲರ್ ಹಾಕಿ. ಬ್ಯಾಟರಿಯ ದಾರಿಯಲ್ಲಿ ಹೊರಗಿನಿಂದಲೇ ಕಿತ್ತು ತೆಗೆಯಬಹುದಾದ ಲಿಂಕ್ ಇಡಿ. ರೋಬೋ ಕಾದಾಟದ ನಿಯಮಗಳಲ್ಲಿ ಅದನ್ನು ಕಡ್ಡಾಯ ಮಾಡುವುದು ಸುಮ್ಮನೆ ಅಲ್ಲ. ನಮ್ಮದು ಈಗ ರೋಬೋದ ಹಿಂಬದಿಯಲ್ಲಿದೆ, ಚಕ್ರದಿಂದ ದೂರ, ಕೆಂಪು ದಾರ ಕಟ್ಟಿಕೊಂಡು.

ಮಾರುವವರು ಹೇಳದ ಇನ್ನೊಂದು ಮಾತಿದೆ. ‘ಸಿಗ್ನಲ್ ತಪ್ಪಿದರೆ ತಾನೇ ಬಂದ್ ಆಗುತ್ತದೆ’ ಎಂದು ಸ್ವಿಚ್ಚಿನ ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ನಿಜವಾಗುವುದು ರಿಸೀವರ್ ಪಲ್ಸ್ ಕಳುಹಿಸುವುದನ್ನು ನಿಲ್ಲಿಸಿದರೆ ಮಾತ್ರ. ಕೆಲವು ರಿಸೀವರ್‌ಗಳು ರಿಮೋಟ್ ಮಾಯವಾದ ಮೇಲೂ ಕೊನೆಯ ಪಲ್ಸನ್ನೇ ಜಪಿಸುತ್ತಿರುತ್ತವೆ. ಆಗ ಸ್ವಿಚ್ಚಿಗೆ ಏನೂ ಗೊತ್ತಾಗುವುದಿಲ್ಲ. ಆಯುಧವನ್ನು ಬಿಚ್ಚಿ, ಚಕ್ರಗಳನ್ನು ನೆಲದಿಂದ ಎತ್ತಿ, ಸ್ವಿಚ್ ಚಾಲೂ ಇರುವಾಗಲೇ ರಿಮೋಟನ್ನು ಆರಿಸಿ ನೋಡಿ. ಸ್ವಿಚ್ ಬಂದ್ ಆಗದಿದ್ದರೆ ರಿಸೀವರಿನ ಫೇಲ್‌ಸೇಫ್ ಅನ್ನು, ಅಂದರೆ ಸಿಗ್ನಲ್ ತಪ್ಪಿದಾಗ ಅದು ಏನು ಮಾಡಬೇಕೆಂಬುದನ್ನು, ನೀವೇ ಹೊಂದಿಸಬೇಕು.

ಟ್ಯಾಂಕಿನ ಕಥೆ ಬೇರೆ. ಅಲ್ಲಿ ಹೊಗೆಯ ಯಂತ್ರ ಮತ್ತು ದೀಪಗಳು, ಒಂದೆರಡು ಆಂಪಿಯರಿನ ಮಾತು, ಯಾವ ಸ್ವಿಚ್ಚಾದರೂ ನಡೆಯುತ್ತದೆ ಎಂದುಕೊಂಡಿದ್ದೆ. ಆದರೆ ಕಾರಿನಲ್ಲಿ ಮಾಡುವಂತೆ ಬ್ಯಾಟರಿಯ ನೆಗೆಟಿವ್ ಅನ್ನು ಟ್ಯಾಂಕಿನ ಲೋಹದ ಒಡಲಿಗೇ ಕೊಟ್ಟು, ದೀಪ, ಹೊಗೆ ಎರಡಕ್ಕೂ ಅಲ್ಲಿಂದಲೇ ನೆಗೆಟಿವ್ ತೆಗೆದಿದ್ದೆ. ನನ್ನ ಮಾಸ್‌ಫೆಟ್ ಸ್ವಿಚ್ ಕಡಿಯುವುದು ನೆಗೆಟಿವ್ ಬದಿಯನ್ನು. ಹೊಗೆಯಂತ್ರದ ತಗಡು ಒಡಲಿಗೆ ತಾಗಿಕೊಂಡಿದ್ದರಿಂದ ಸ್ವಿಚ್ಚನ್ನು ಲೆಕ್ಕಿಸದೆ ಅದು ಸದಾ ಬಿಸಿಯಾಗುತ್ತಲೇ ಇತ್ತು. ಎಣ್ಣೆ ಮುಗಿದು ಬತ್ತಿ ಸುಟ್ಟ ವಾಸನೆ ಬಂದಾಗಲೇ ನನಗೆ ತಿಳಿದದ್ದು. ಅಲ್ಲಿಗೆ ರಿಲೇಯೇ ಸರಿ, ಯಾವ ಬದಿಯನ್ನು ಬೇಕಾದರೂ ಕಡಿಯಬಹುದು. ಪಾಸಿಟಿವ್ ಬದಿಗೆ ಹಾಕಿದೆ. ಎರಡು ವರ್ಷದಿಂದ ಅದೇ ಇದೆ.

ರೋಬೋದ ವಾಲ್ವಿಗೆ ಮಾಸ್‌ಫೆಟ್, ನಾಲ್ಕೂವರೆ ಸ್ಟಾರ್. ಟ್ಯಾಂಕಿಗೆ ರಿಲೇ, ನಾಲ್ಕು. ಆಯುಧದ ಮೋಟಾರಿಗೆ ಅದೇ ರಿಲೇ, ಸೊನ್ನೆ. ಅಂದ ಹಾಗೆ, ಟ್ಯಾಂಕಿನ ಹೊಗೆ ಶುರುವಾಗುವ ಮುಂಚೆ ಒಡಲೊಳಗಿಂದ ಬರುವ ಆ ಸಣ್ಣ ‘ಟಿಕ್’ ಸದ್ದು ನನಗೆ ಇಷ್ಟ. ಮಾಸ್‌ಫೆಟ್ಟಿನಲ್ಲಿ ಅದು ಸಿಗುವುದಿಲ್ಲ.