"ಎಷ್ಟ್ ಸ್ಪೀಡ್ ಅದ?": ಹೊಸ ಪಿಸಿಪಿ ರೈಫಲ್, ಮೂರು ಥರ ಗಾಳಿ, ಮೂರು ಥರ ಪೆಲೆಟ್

ಹೊಸ ಗಾಳಿ ಬಂದೂಕು ತಂದ ದಿನದಿಂದ ಎಲ್ಲರದ್ದೂ ಒಂದೇ ಪ್ರಶ್ನೆ. ಹೊಲದಲ್ಲಿ ಕಾಕಾ ಕೇಳಿದರು, ಪಕ್ಕದ ಮನೆ ಹುಡುಗ ಕೇಳಿದ, ಬಂಗಾರದ ಅಂಗಡಿಯ ಗೆಳೆಯನೂ ಕೇಳಿದ: "ಎಷ್ಟ್ ಸ್ಪೀಡ್ ಅದ?" ಅವರನ್ನು ಯಾಕೆ ಅನ್ನಲಿ, ನಾನೂ ಅಂಗಡಿಯಲ್ಲಿ ಮೊದಲು ಕೇಳಿದ್ದು ಅದನ್ನೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಡೆದು, ಬಿಚ್ಚಿ, ಜೋಡಿಸಿ, ಮತ್ತೆ ಹೊಡೆದೆ. ಈಗ ಆ ಪ್ರಶ್ನೆ ಕೇಳಿದರೆ ನಗು ಬರುತ್ತದೆ.

ಮೊದಲು ನನ್ನ ಹತ್ತಿರ ಇದ್ದದ್ದು ಸ್ಪ್ರಿಂಗ್ ಗನ್. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯೋದು, ಒಂದು ಪೆಲೆಟ್ (ಸೀಸದ ಸಣ್ಣ ಗುಂಡು) ಹಾಕೋದು, ಹೊಡೆಯೋದು. ಗಾಳಿ ತುಂಬೋ ರಗಳೆ ಇಲ್ಲ. ಆದರೆ ಟ್ರಿಗರ್ ಒತ್ತಿದ ಕೂಡಲೇ ಒಳಗೆ ಪಿಸ್ಟನ್ ಓಡುತ್ತದೆ, ಪೆಲೆಟ್ ಇನ್ನೂ ನಳಿಗೆಯಲ್ಲೇ ಇರುವಾಗ ಬಂದೂಕು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುತ್ತದೆ, ಹಿಡಿತ ಒಂದು ಚೂರು ಬದಲಾದರೂ ಗುರಿ ಎಲ್ಲೋ. ಒಂದು ಸ್ಕೋಪ್ (ಗುರಿ ನೋಡೋ ದುರ್ಬೀನು) ಅದರ ಮೇಲೆ ಕೂತೇ ಸತ್ತಿತು. ಹೊಸದು ಪಿಸಿಪಿ, ಅಂದರೆ ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್. ಇದರಲ್ಲಿ ಗಾಳಿಯನ್ನು ಮೊದಲೇ ತುಂಬಿಟ್ಟಿರುತ್ತೇವೆ. ಟ್ರಿಗರ್ ಒತ್ತಿದರೆ ಒಂದು ಹ್ಯಾಮರ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ವಾಲ್ವ್ ಕಣ್ಣು ಮಿಟುಕಿಸೋದಕ್ಕಿಂತ ಬೇಗ ತೆರೆದು ಮುಚ್ಚುತ್ತದೆ, ಅಷ್ಟೇ. ಒದೆತ ಇಲ್ಲವೇ ಇಲ್ಲ ಅನ್ನಬಹುದು. ಈ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಪೈಪೋಟಿಯೇ ಇಲ್ಲ. ನಿಜವಾದ ಪೈಪೋಟಿ ಇರೋದು ಗಾಳಿ ತುಂಬೋದರಲ್ಲಿ.

ನನ್ನದು 4.5 ಮಿ.ಮೀ. ನಳಿಗೆ, 150 ಸಿಸಿ ಸಿಲಿಂಡರ್, 200 ಬಾರ್‌ವರೆಗೆ ತುಂಬಬಹುದು (ಬಾರ್ ಅಂದರೆ ಒತ್ತಡದ ಅಳತೆ). ಒಳಗೆ ರೆಗ್ಯುಲೇಟರ್ ಇದೆ, ಅದು ವಾಲ್ವ್‌ಗೆ 120 ಬಾರ್ ಮಾತ್ರ ಬಿಡುತ್ತದೆ. ಅಂದರೆ ಸಿಲಿಂಡರ್ 200ರಿಂದ 120ಕ್ಕೆ ಇಳಿಯೋವರೆಗೆ ಎಲ್ಲ ಹೊಡೆತವೂ ಒಂದೇ ಸಮ. ಆಮೇಲೆ ಇಳಿಜಾರು.

ಆ 200 ಬಾರ್ ಕಲಬುರಗಿಯಲ್ಲಿ ಎಲ್ಲಿ ಸಿಗಬೇಕು? ಸಮುದ್ರ ಇಲ್ಲ, ಮುಳುಗುವವರ ಸಿಲಿಂಡರ್‌ಗೆ ಗಾಳಿ ತುಂಬೋ ಡೈವಿಂಗ್ ಅಂಗಡಿ ಇಲ್ಲ. "ಪಂಕ್ಚರ್ ಅಂಗಡಿಗಿ ಒಯ್ಯಿ" ಅಂದವರು ಇದ್ದಾರೆ. ಲಾರಿ ಟೈರಿಗೆ ಹಾಕೋ ಗಾಳಿ 120 ಪಿಎಸ್‌ಐ ಸುತ್ತಮುತ್ತ, ನನಗೆ ಬೇಕಾದ 200 ಬಾರ್ ಅಂದರೆ 2,900 ಪಿಎಸ್‌ಐ. ಇನ್ನೊಬ್ಬರು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಕಡೆ ಕೈ ತೋರಿಸಿದರು. ಇದನ್ನು ಮಾತ್ರ ತಮಾಷೆಗೂ ಮಾಡಬೇಡಿ. ಅಷ್ಟು ಒತ್ತಡದ ಆಕ್ಸಿಜನ್‌ಗೆ ಒಂದು ಚೂರು ಎಣ್ಣೆ, ಗ್ರೀಸ್ ತಾಕಿದರೂ ಬೆಂಕಿ ಹತ್ತಿ ಸಿಡಿಯಬಹುದು, ಮತ್ತೆ ಬಂದೂಕಿನ ಸಿಲಿಂಡರ್ ಇರೋದು ನಿಮ್ಮ ಎಡಗೈ ಕೆಳಗೆ, ಮುಖದ ಮುಂದೆ.

ಹಾಗಾಗಿ ಉಳಿದದ್ದು ಮೂರು ದಾರಿ. ಮೂರನ್ನೂ ನೋಡಿದೆ.

ಕೈಪಂಪ್ ನೋಡಲಿಕ್ಕೆ ಸೈಕಲ್ ಪಂಪಿನ ದೊಡ್ಡಣ್ಣನ ಹಾಗೆ ಇದೆ. ಕಾಕಾ ನೋಡಿದ ಕೂಡಲೇ ಅಂದರು, "ಏನೋ, ಸೈಕಲ್ಲಿಗಿ ಗಾಳಿ ಹೊಡ್ಯಾಕತ್ತಿ ಏನು?" ಒಳಗೆ ಮೂರು ಹಂತ ಇರುತ್ತದೆ, ಒಂದು ಹಂತ ಒತ್ತಿದ ಗಾಳಿಯನ್ನು ಮುಂದಿನ ಹಂತ ಇನ್ನಷ್ಟು ಒತ್ತುತ್ತದೆ. ನನ್ನ ಲೆಕ್ಕ: 120ರಿಂದ 200 ಬಾರ್‌ಗೆ 64 ಸಲ ಒತ್ತಬೇಕು. ಮೊದಲ 30 ಆರಾಮ. 170 ದಾಟಿದ ಮೇಲೆ ತೋಳಿನ ಬಲ ಸಾಲೋದಿಲ್ಲ, ತೋಳು ನೆಟ್ಟಗೆ ಇಟ್ಟು ಮೈಭಾರ ಬಿಡಬೇಕು, ಕೆಳಗೆ ಮುಟ್ಟಿದ ಮೇಲೆ ಒಂದು ಕ್ಷಣ ನಿಲ್ಲಬೇಕು, ಇಲ್ಲದಿದ್ದರೆ ಗಾಳಿ ಪೂರ್ತಿ ದಾಟೋದಿಲ್ಲ. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಹುಚ್ಚು ಧೈರ್ಯ ಮಾಡಿ ಹೊಲದಲ್ಲೇ ತುಂಬಲು ನಿಂತೆ. 40ಕ್ಕೆ ಪಂಪಿನ ಬುಡ ಮುಟ್ಟಲಿಕ್ಕಾಗದಷ್ಟು ಸುಟ್ಟಿತು, ನನ್ನ ಅಂಗಿ ಹಿಂಡಿದರೆ ಒಂದು ತಂಬಿಗೆ ನೀರು. ಈಗ ಬೆಳಗ್ಗೆ ಆರೂವರೆಗೆ 35, ಚಹಾ ಕುಡಿದು ಉಳಿದದ್ದು.

1780ರ ಹೊತ್ತಿಗೆ ಆಸ್ಟ್ರಿಯಾದ ಸೈನ್ಯದಲ್ಲಿ ಜಿರಾರ್ಡೋನಿ ಅಂತ ಒಂದು ಗಾಳಿ ಬಂದೂಕು ಇತ್ತು. ಅದರ ಗಾಳಿ ಬುರುಡೆ ತುಂಬಲು ಸುಮಾರು 1,500 ಸಲ ಪಂಪ್ ಹೊಡೆಯಬೇಕಿತ್ತಂತೆ. 64ಕ್ಕೆ ಗೊಣಗುವಾಗ ಆ ಸಿಪಾಯಿಗಳನ್ನು ನೆನೆಸಿಕೊಳ್ಳುತ್ತೇನೆ.

ಕೈಪಂಪಿನ ಮೇಲೆ ಜನರ ದೂರು ನೀರಿನದು. ದೂರು ಖರೇನೇ. ಗಾಳಿಯಲ್ಲಿರುವ ತೇವ ಒತ್ತಡಕ್ಕೆ ನೀರಾಗುತ್ತದೆ. ತುಂಬಿದ ಮೇಲೆ ಪಂಪಿನ ಬುಡದ ಸ್ಕ್ರೂ ಸಡಿಲಿಸಿ ಗಾಳಿ ಬಿಡುತ್ತೇವಲ್ಲ, ಅಲ್ಲಿ ಒಂದು ಟಿಶ್ಯೂ ಹಿಡಿದು ನೋಡಿ. ಫೆಬ್ರುವರಿಯಲ್ಲಿ ನನ್ನ ಟಿಶ್ಯೂ ಬರೀ ತಣ್ಣಗಾಗುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ಸಂಜೆ ಮಳೆ ಬಿದ್ದ ಮರುದಿನ ಹಿಡಿದರೆ ನಡುವೆ ಎಂಟಾಣೆಯಷ್ಟು ಒದ್ದೆ ಕಲೆ. ಆವತ್ತೇ ಗಾಳಿ ಎಳೆಯೋ ಬಾಯಿಗೆ ಸಿಲಿಕಾ ಜೆಲ್ಲಿನ ಸಣ್ಣ ಡಬ್ಬಿ ಹಾಕಿದೆ. ನೀಲಿ ಹರಳು ಗುಲಾಬಿ ಆದರೆ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡೋದು. ಅಡುಗೆಮನೆಯ ಬಾಣಲೆ ಅಲ್ಲ, ಅದಕ್ಕೇ ಅಂತ ಒಂದು ಹಳೆಯದು ಇಟ್ಟಿದ್ದೇನೆ, ಇದನ್ನು ಮನೆಯವರು ಓದಿದರೆ ಅಂತ ಹೇಳಿಟ್ಟೆ.

ಎರಡನೆಯದು ಕಾರ್ ಬ್ಯಾಟರಿಗೆ ಹಚ್ಚೋ 12 ವೋಲ್ಟಿನ ಸಣ್ಣ ಕಂಪ್ರೆಸರ್. ಬೀದರಿನ ಗೆಳೆಯನ ಹತ್ತಿರ ಎರಡು ವಾರಕ್ಕೆ ಇಸಗೊಂಡು ಬಂದೆ. ಗುಂಡಿ ಒತ್ತಿ ಕೂತರೆ ಐದಾರು ನಿಮಿಷಕ್ಕೆ 200 ಬಾರ್. ಮೊದಲ ದಿನ ಸ್ವರ್ಗ. ಮೂರನೇ ದಿನ ಗೊತ್ತಾಯಿತು, ನಮ್ಮೂರಿನ ಬಿಸಿಲಿಗೆ ಈ ಯಂತ್ರ ಹುಟ್ಟಿಲ್ಲ. ನೆರಳಲ್ಲೇ 41 ಡಿಗ್ರಿ ಇದ್ದಾಗ ಎರಡನೇ ಸಲ ತುಂಬೋಕೆ ಹೋದರೆ ಬಿಸಿಯಾಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸದ್ದೋ, ಹಿಟ್ಟಿನ ಗಿರಣಿ. ದಿನಕ್ಕೆ 200 ಹೊಡೆತ ಹೊಡೆಯೋ ಸ್ಪರ್ಧೆಯ ಹುಡುಗರಿಗೆ ಇದು ಸರಿ, ಅದೂ ಬೆಳಗಿನ ಹೊತ್ತು, ನೀರು ಸೋಸೋ ಫಿಲ್ಟರ್ ಹಾಕಿಕೊಂಡು.

ಮೂರನೆಯದು ದೊಡ್ಡ ಸಿಲಿಂಡರ್. ಅಗ್ನಿಶಾಮಕದವರು ಬೆನ್ನಿಗೆ ಹಾಕ್ಕೋತಾರಲ್ಲ, ಆ ಥರದ 6.8 ಲೀಟರಿನದು, 300 ಬಾರ್. ಇದು ಮಾತ್ರ ರಾಜ. ಒಣ ಗಾಳಿ, ಸದ್ದಿಲ್ಲ, ವಾಲ್ವ್ ನಿಧಾನ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗೀತು. ಲೆಕ್ಕ ಹಾಕಿ: 300ರಿಂದ 200ಕ್ಕೆ ಇಳಿಯೋ ಹೊತ್ತಿಗೆ 680 ಲೀಟರ್ ಗಾಳಿ ಕೊಡುತ್ತದೆ, ನನ್ನ ಬಂದೂಕಿಗೆ ಒಂದು ಸಲಕ್ಕೆ 12 ಲೀಟರ್ ಸಾಕು, ಅಂದರೆ 50ಕ್ಕೂ ಜಾಸ್ತಿ ಸಲ ಪೂರ್ತಿ ತುಂಬಬಹುದು. ಆದರೆ ಅದು ಖಾಲಿಯಾದರೆ? ನನಗೆ ಗೊತ್ತಿರೋ ಹತ್ತಿರದ ಜಾಗ ಹೈದರಾಬಾದ್. ಗಾಳಿ ತರೋಕೆ ಹೈದರಾಬಾದಿಗೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳೋ ಧೈರ್ಯ ನನಗಿಲ್ಲ. ತಗೊಳ್ಳೋರು ಸಿಲಿಂಡರ್ ಮೈಮೇಲಿರೋ ಒತ್ತಡ ಪರೀಕ್ಷೆಯ ತಾರೀಖು ನೋಡಿಯೇ ತಗೊಳ್ಳಿ. ನಾನು ಕೈಪಂಪಿಗೇ ಉಳಿದೆ.

ಬಿಸಿಲಿನ ಬಗ್ಗೆ ಇನ್ನೊಂದು ಮಾತು. 27 ಡಿಗ್ರಿಯಲ್ಲಿ 200 ಬಾರ್ ತುಂಬಿದ ಬಂದೂಕನ್ನು ಬಾಗಿಲು ಮುಚ್ಚಿದ ಕಾರಿನಲ್ಲಿ ಬಿಟ್ಟು, ಒಳಗೆ 57 ಡಿಗ್ರಿ ಆಯಿತು ಅನ್ನಿ. ಒತ್ತಡ 220 ಆಗುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಕಾರಿನೊಳಗೆ 57 ದೊಡ್ಡ ಮಾತಲ್ಲ. ಬೇಸಿಗೆಯಲ್ಲಿ ನಾನು 180ಕ್ಕೇ ನಿಲ್ಲಿಸುತ್ತೇನೆ.

ಇನ್ನು ಪೆಲೆಟ್. ಮೊದಲ ದಿನ ಮನೆ ಹಿಂದೆ ರಟ್ಟಿನ ಡಬ್ಬಿಗೆ ಹಳೆ ಬಟ್ಟೆ ತುರುಕಿ ಹೊಡೆದೆ. ನಮ್ಮ ಕಂಪೌಂಡು ಶಹಾಬಾದ್ ಕಲ್ಲಿನದು. ಏಳನೆಯದು ಡಬ್ಬಿ ಅಂಚನ್ನು ತೂರಿ ಕಲ್ಲಿಗೆ ಬಡಿದು ವಾಪಸ್ ಬಂದು ನನ್ನ ಪಕ್ಕದ ಬಕೆಟ್‌ಗೆ ಟಣ್ ಅಂದಿತು. ಬಕೆಟ್ ಎತ್ತಿ ನೋಡಿದರೆ ರೊಟ್ಟಿ ಥರ ಚಪ್ಪಟೆ ಆದ ಸೀಸದ ಚೂರು. ಅದೇ ಕೊನೆ. ಅಂದಿನಿಂದ ಕನ್ನಡಕ ಹಾಕದೆ ಟ್ರಿಗರ್ ಮುಟ್ಟಿಲ್ಲ, ಜಾಗವೂ ಬದಲು: ಜೇವರ್ಗಿ ರಸ್ತೆ ಕಡೆ ಕಾಕಾನ ಹೊಲ. ತೊಗರಿ ರಾಶಿ ಮುಗಿದು ಖಾಲಿ ಬಿದ್ದಿತ್ತು, ಕೊನೆಗೆ ಆಳೆತ್ತರದ ಎರೆಮಣ್ಣಿನ ಒಡ್ಡು, ಅದರ ಆಚೆ ಮನೆ ಮಠ ಏನಿಲ್ಲ.

ಮೂರು ಥರ ತಂದಿದ್ದೆ. 7 ಗ್ರೇನಿನ ಚಪ್ಪಟೆ ತಲೆಯದು, 8.44 ಗ್ರೇನಿನ ಗುಂಡು ತಲೆಯದು, 10.34 ಗ್ರೇನಿನ ಭಾರದ್ದು. ಗ್ರೇನ್ ಅಂದರೆ ಪೆಲೆಟ್ ತೂಕದ ಅಳತೆ. ಹೊಡೆಯೋ ಮೊದಲು ಸುಮ್ನೆ ಒಂದು ಕುತೂಹಲಕ್ಕೆ ಬಂಗಾರದ ಅಂಗಡಿಗೆ ಒಯ್ದೆ. ಗೆಳೆಯ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಒರೆಸಿ, ಚಿಮುಟದಿಂದ ಒಂದೊಂದೇ ಎತ್ತಿಟ್ಟು ತೂಗಿದ. "ಇವತ್ತ ಸೀಸದ ರೇಟ್ ಎಷ್ಟ್ ನಡದದ್ರಿ ಸಾಹುಕಾರ್ರೇ?" ಅಂತ ಬಾಯಿ ಬೇರೆ. 8.44ರ ಇಪ್ಪತ್ತು ಪೆಲೆಟ್‌ಗಳು 543ರಿಂದ 551 ಮಿಲಿಗ್ರಾಂ ಒಳಗೇ ಬಂದವು. ಅಗ್ಗದ 7 ಗ್ರೇನಿನ ಡಬ್ಬಿಯಲ್ಲಿ 441 ಇತ್ತು, 472ನೂ ಇತ್ತು. ಗೆಳೆಯ ತಲೆ ಎತ್ತಿ, "ಇಷ್ಟ್ ಫರಕ್ ಇದ್ರ ನಾ ಅಂಗಡಿ ಮುಚ್ಚಬೇಕಾಗ್ತದ" ಅಂದ. ಹೊಲಕ್ಕೆ ಹೋಗೋ ಮೊದಲೇ ಅರ್ಧ ಫಲಿತಾಂಶ ನನಗೆ ಸಿಕ್ಕಿತ್ತು.

25 ಮೀಟರಿಗೆ, ಮರಳು ಚೀಲದ ಮೇಲಿಟ್ಟು, ಐದೈದು ಹೊಡೆತ. ತೂತುಗಳ ನಡುವಿನ ಅಂತರ ವರ್ನಿಯರ್‌ನಿಂದ ಅಳೆದೆ. 8.44ರದ್ದು 14 ಮಿ.ಮೀ., ಭಾರದ್ದು 17, ಚಪ್ಪಟೆ ತಲೆಯದು 34. ಚಪ್ಪಟೆ ತಲೆಯದು ಕೆಟ್ಟದ್ದು ಅಂತ ಎಸೆಯಬೇಡಿ ಮತ್ತೆ. ಅದೇ ಡಬ್ಬಿಯಿಂದ 10 ಮೀಟರಿಗೆ 7 ಮಿ.ಮೀ. ಬಂತು, ಕಾಗದದಲ್ಲಿ ಪಂಚಿಂಗ್ ಮಷೀನ್ ಒತ್ತಿದ ಹಾಗೆ ದುಂಡಗಿನ ತೂತು. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಆಟದಲ್ಲಿ ಎಲ್ಲರೂ ಹೊಡೆಯೋದು ಚಪ್ಪಟೆ ತಲೆಯದನ್ನೇ. ಅಲ್ಲಿ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಆ ಬಂದೂಕುಗಳ ವೇಗ ನನ್ನದಕ್ಕಿಂತ ಎಷ್ಟೋ ಕಡಿಮೆ, ಸೆಕೆಂಡಿಗೆ 175 ಮೀಟರ್ ಸುತ್ತ. ಸ್ಪೀಡ್ ಕೇಳೋರಿಗೆ ಈಗ ನಾನು ಇದನ್ನೇ ಹೇಳೋದು. ಭಾರದ ಪೆಲೆಟ್ ಗಾಳಿಗೆ ಕಡಿಮೆ ಸರಿಯುತ್ತದೆ, ಹತ್ತು ಗಂಟೆ ಮೇಲೆ ಬಯಲುಗಾಳಿ ಎದ್ದಾಗ ಅದೇ ಚಲೋ. ಆದರೆ ದೂರ ಹೋದಷ್ಟೂ ಜಾಸ್ತಿ ಇಳಿಯುತ್ತದೆ, ಸ್ಕೋಪ್ ತಿರುಗಿಸೋ ಕೆಲಸ. ಬೆಳಗಿನ ಹೊತ್ತಿಗೆ 8.44.

ಟ್ಯೂನಿಂಗ್‌ಗೆ ಬರೋಣ. ವೇಗ ಅಳೆಯೋ ಕ್ರೋನೋಗ್ರಾಫ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಕತ್ತಲಲ್ಲಿ ಸೂಜಿ ಪೋಣಿಸಿದ ಹಾಗೆ. ಕಾರ್ಖಾನೆಯಿಂದ ಬಂದ ಹಾಗೆ 8.44ಕ್ಕೆ ಸರಾಸರಿ 812 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಅಡಿ. ಪೆಲೆಟ್‌ನ ಶಕ್ತಿ ಸುಮಾರು 16.8 ಜೂಲ್. ಆದರೆ ಹತ್ತು ಹೊಡೆತದಲ್ಲಿ ಅತಿ ಜೋರಿನದಕ್ಕೂ ಅತಿ ನಿಧಾನದ್ದಕ್ಕೂ 26 ವ್ಯತ್ಯಾಸ, ಒಂದು ಸಲ ತುಂಬಿದರೆ 41 ಹೊಡೆತ, ಮತ್ತೆ ಪ್ರತಿ ಹೊಡೆತಕ್ಕೂ ಫಟ್ ಅಂತ ಒರಟು ಸದ್ದು. ಆ ಸದ್ದೇ ಹೇಳುತ್ತಿತ್ತು, ಹ್ಯಾಮರ್ ಸ್ಪ್ರಿಂಗ್ ಬಿಗಿ ಜಾಸ್ತಿ, ಪೆಲೆಟ್ ಹೋದ ಮೇಲೂ ಗಾಳಿ ಸುಮ್ನೆ ಹೊರಗೆ ಸುರೀತಿದೆ ಅಂತ.

ಬಂದೂಕಿನ ಹಿಂಬದಿಯಲ್ಲಿ ಆ ಸ್ಪ್ರಿಂಗ್ ಬಿಗಿ ಮಾಡೋ ಸ್ಕ್ರೂವನ್ನು ಎಲ್ ಕೀಯಿಂದ ಕಾಲು ಸುತ್ತು ಸಡಿಲಿಸೋದು, ಐದು ಹೊಡೆಯೋದು, ಬರೆದುಕೊಳ್ಳೋದು. ಮೊದಲ ಮೂರು ಸಲ ವೇಗ ಅಲುಗಲೇ ಇಲ್ಲ! ಅಷ್ಟೂ ಬಿಗಿ ದಂಡ. ನಾಲ್ಕನೇ ಕಾಲು ಸುತ್ತಿನಿಂದ ಇಳಿಯಿತು. ಒಂದೂವರೆ ಸುತ್ತಿಗೆ 782, ಅಲ್ಲೇ ನಿಲ್ಲಿಸಿದೆ. ವ್ಯತ್ಯಾಸ 26ರಿಂದ 9ಕ್ಕೆ ಬಂತು, 41 ಹೊಡೆತ 58 ಆದವು, ಸದ್ದು ಟಪ್ ಅಂತ ಮೆತ್ತಗಾಯಿತು. ಮೇಲೆ ಹೇಳಿದ 14 ಮಿ.ಮೀ. ಈ ಹದಕ್ಕೆ ಬಂದದ್ದು. ಮೊದಲಿನ ಹದಕ್ಕೆ ಅದೇ ಪೆಲೆಟ್ 22 ಕೊಟ್ಟಿತ್ತು. ಇನ್ನೂ ಸಡಿಲಿಸಿ ಎರಡು ಸುತ್ತು ನೋಡಿದೆ, ಹ್ಯಾಮರ್‌ಗೆ ವಾಲ್ವ್ ತೆರೆಯೋ ಬಲ ಸಾಲದೆ ಒಂದು ಜೋರು ಒಂದು ನಿಧಾನ ಶುರುವಾಯಿತು. ವಾಪಸ್.

ಮೂರನೇ ಹದಕ್ಕೆ ರೆಗ್ಯುಲೇಟರ್ 105 ಬಾರ್‌ಗೆ ಇಳಿಸಿದೆ. ಸಿಲಿಂಡರ್ ಪೂರ್ತಿ ಖಾಲಿ ಮಾಡಿಯೇ ಬಿಚ್ಚಬೇಕು, ಒಳಗೆ ಗಾಳಿ ಇಟ್ಟುಕೊಂಡು ಬಿಚ್ಚೋದು ಆತ್ಮಹತ್ಯೆ. 735 ಎಫ್‌ಪಿಎಸ್, 74 ಹೊಡೆತ, ತೂತುಗಳ ಅಂತರ 13 ಮಿ.ಮೀ. ಕಾಗದದ ಮೇಲೆ ಇದೇ ಗೆಲ್ಲಬೇಕು ಅಲ್ವಾ? ಬಯಲುಗಾಳಿ ಇಲ್ಲದಾಗ ಹೌದು. ಗಾಳಿ ಬೀಸಿದರೆ ಒಂದು ಬೆರಳು ಜಾಸ್ತಿ ಸರಿಯುತ್ತಿತ್ತು, ನಮ್ಮ ಬಯಲಲ್ಲಿ ಗಾಳಿ ಇಲ್ಲದ ದಿನ ಯಾವುದು. ಮತ್ತೆ 120. ಜಾಸ್ತಿ ಮಾಡೋ ಕಡೆಗೆ ನಾನು ಹೋಗಲೇ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಲೈಸೆನ್ಸ್ ಬೇಡದ ಗಾಳಿ ಬಂದೂಕಿಗೆ 4.5 ಮಿ.ಮೀ. ಮತ್ತು 20 ಜೂಲ್ ಗೆರೆ ಇದೆ, ಅದರ ಹತ್ತಿರ ಸುಳಿಯೋ ಕೆಲಸ ನನಗಿಲ್ಲ. ಪಾರಿವಾಳ ಹೊಡೆದು ತೋರಿಸಿ ಅನ್ನೋ ಪಕ್ಕದ ಮನೆ ಹುಡುಗನಿಗೆ ನನ್ನ ಹತ್ತಿರ ಇರೋದು ಬರೀ ಬೈಗುಳ.

ಆ ಬಿಚ್ಚಾಟದಲ್ಲಿ ಒಂದು ಓ-ರಿಂಗ್ (ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಉಂಗುರ) ಕತ್ತರಿಸಿದ್ದು ಗೊತ್ತಾಗಲಿಲ್ಲ. ರಾತ್ರಿ 180 ಇದ್ದದ್ದು ಬೆಳಗ್ಗೆ 140. ಶಾಂಪೂ ನೊರೆ ಹಚ್ಚಿದೆ, ಜೋಡಣೆ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದೊಂದೇ ಎದ್ದವು. ಸೂಪರ್ ಮಾರ್ಕೆಟ್ ಕಡೆ ಒಂದು ಬಿಡಿಭಾಗದ ಅಂಗಡಿಗೆ ಹೋದೆ. "ಯಾವ ಗಾಡಿದ್ ಬೇಕ್ರಿ?" "ಗಾಡಿದಲ್ರಿ, ಗಾಳಿ ಬಂದೂಕಿಂದು." ಅವರು ನನ್ನ ಮುಖ ನೋಡಿದರು. ಅಳತೆ ಸರಿಯಾಗಿ ಸಿಕ್ಕಿತು, ಆದರೆ ರಬ್ಬರ್ ಮೆತ್ತಗಿನದು, ಎರಡೇ ದಿನಕ್ಕೆ ಒತ್ತಡಕ್ಕೆ ಸಂದಿಯೊಳಗೆ ಹಿಂಡಿಹೋಯಿತು. ಇಂಥ ಕಡೆ 90 ಗಡಸುತನದ್ದೇ ಬೇಕು, ಸಾಮಾನ್ಯವಾಗಿ ಸಿಗೋದು 70ರದ್ದು. ಹಚ್ಚೋದು ಸಿಲಿಕೋನ್ ಗ್ರೀಸ್ ಮಾತ್ರ, ಗಾಡಿಯ ಗ್ರೀಸ್ ಅಲ್ಲ.

ಹೋದ ಭಾನುವಾರ ಕಾಕಾ ತಾವೂ ಹೊಡೀತೀನಿ ಅಂದರು. 10 ಮೀಟರಿಗೆ ಚಪ್ಪಟೆ ತಲೆಯದು ಕೊಟ್ಟೆ. ಐದೂ ಒಂದು ರೂಪಾಯಿ ನಾಣ್ಯದೊಳಗೆ. ಕಾಗದ ಮಡಚಿ ಜೇಬಿಗಿಟ್ಟುಕೊಂಡರು, ಸ್ಪೀಡ್ ಕೇಳಲಿಲ್ಲ. ಆಮೇಲೆ ಗಾಳಿ ತಾವೇ ತುಂಬ್ತೀನಿ ಅಂತ ಪಂಪ್ ಹಿಡಿದರು. ಇಪ್ಪತ್ತಕ್ಕೆ ಕೈಬಿಟ್ಟು ಬೇವಿನ ಗಿಡದ ಕೆಳಗೆ ಕೂತು, "ಹೈದರಾಬಾದ್ ಏನ್ ಭಾಳ ದೂರ ಇಲ್ಲ ತಗೋ" ಅಂದರು.