ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಒಂದೇ ದಿನ ಇದ್ದರೆ: ಪಳೆಯುಳಿಕೆಯೋ, ಬೈಸನ್ನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೈಸನ್ (ಅಮೆರಿಕದ ಕಾಡುಕೋಣ ಅನ್ನಿ) ಕಾಣಸಿಗುವ ಸೇಜ್ ಕ್ರೀಕ್ ರಸ್ತೆಗೆ. ಜೇಬಿಗೆ ಕತ್ತರಿ ಹಾಕಿದ್ದೂ ಅದೇ ರಸ್ತೆ.

ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಅಮೆರಿಕದ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ಗೆ ಹೋಗಿದ್ದೆ. ಮೊದಲ ದಿನ ಪಳೆಯುಳಿಕೆ, ಮಾರನೇ ದಿನ ಪ್ರಾಣಿಗಳು.

ಫಾಸಿಲ್ ಎಕ್ಸಿಬಿಟ್ ಟ್ರೇಲ್ ಬರೀ ಕಾಲು ಮೈಲಿ. ಹಲಗೆ ಹಾಸಿದ ದಾರಿ, ಅಮ್ಮನ ಮಂಡಿನೋವಿಗೆ ಹೇಳಿ ಮಾಡಿಸಿದ ಹಾಗಿತ್ತು. ಡೈನೋಸಾರ್ ಹುಡುಕಬೇಡಿ. ಇಲ್ಲಿರುವುದು ಅವೆಲ್ಲ ಅಳಿದು ಎಷ್ಟೋ ಕಾಲದ ಮೇಲೆ, ಸುಮಾರು 3 ಕೋಟಿ ವರ್ಷದ ಹಿಂದೆ ಓಡಾಡಿದ ಮೂರು ಬೆರಳಿನ ಪುಟ್ಟ ಕುದುರೆ, ಘೇಂಡಾಮೃಗದ ನೆಂಟರು, ಕತ್ತಿಹಲ್ಲಿನ ಬೆಕ್ಕಿನಂಥ ಪ್ರಾಣಿ. ಆದರೆ ದಾರಿಯಲ್ಲಿಟ್ಟಿರುವುದು ಮೂಳೆಯ ಅಚ್ಚು ತೆಗೆದ ನಕಲು. "ನಿಜವಾದ ಮೂಳೆ ಅಲ್ವಾ ಇದು?" ಅಂತ ಅಮ್ಮ ಮುಖ ಸಪ್ಪಗೆ ಮಾಡಿದರು. ನಿಜವಾದದ್ದು ವಿಸಿಟರ್ ಸೆಂಟರಿನ ಲ್ಯಾಬ್‌ನಲ್ಲಿದೆ. ಬೇಸಿಗೆಯಲ್ಲಿ ಹೋದರೆ ಕಲ್ಲಿನಿಂದ ಮೂಳೆ ಬಿಡಿಸುವುದನ್ನೇ ನೋಡಬಹುದು. 2010ರಲ್ಲಿ ಈ ಸೆಂಟರಿನ ಹತ್ತಿರವೇ ಏಳು ವರ್ಷದ ಹುಡುಗಿಯೊಬ್ಬಳಿಗೆ ಆ ಕತ್ತಿಹಲ್ಲಿನ ಪ್ರಾಣಿಯ ತಲೆಬುರುಡೆ ಸಿಕ್ಕಿತ್ತಂತೆ. ನಿಮಗೂ ಸಿಕ್ಕರೆ ಮುಟ್ಟದೆ ರೇಂಜರ್‌ಗೆ ತಿಳಿಸಿ.

ಮಾರನೇ ದಿನ ಬೆಳಗಿನ ಜಾವವೇ ಸೇಜ್ ಕ್ರೀಕ್. ಬೈಸನ್ ಹಿಂಡು, ಜೊತೆಗೆ ಕೆಂಬಣ್ಣದ ಕರುಗಳು, ಕಾರಿನ ಎರಡೂ ಪಕ್ಕ ಗುಟುರು ಹಾಕುತ್ತಾ ಹೋದವು. 1963ರಲ್ಲಿ ಮತ್ತೆ ತಂದುಬಿಟ್ಟ ಸಂತತಿ ಇದು. ಎಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಸುಮ್ನೆ ಕೂತೆವು.

ಎಡವಟ್ಟಾಗಿದ್ದು ಆಮೇಲೆ. ಅದು ಟಾರಿಲ್ಲದ ಜಲ್ಲಿ ರಸ್ತೆ, ರಾತ್ರಿ ಮಳೆ ಬೇರೆ. ಪ್ರೇರಿ ಡಾಗ್‌ಗಳನ್ನು (ನಾಯಿಯಲ್ಲ, ಅಳಿಲಿನ ಜಾತಿ) ನೋಡಲು ಕಾರನ್ನು ಸ್ವಲ್ಪ ಪಕ್ಕಕ್ಕೆ ತೆಗೆದೆ. ಅಷ್ಟೇ. ಚಕ್ರ ಹೂತುಹೋಯಿತು. ಹಳೇ ಜ್ವಾಲಾಮುಖಿ ಬೂದಿಯಿಂದಾದ ಜೇಡಿ ಅದು, ನೀರು ಕುಡಿದರೆ ಉಬ್ಬುತ್ತದೆ. ಮಳೆಗಾಲದಲ್ಲಿ ಗದಗದ ಎರೆ ಹೊಲ ತುಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಒಂದೊಂದು ಶೂ ಎರಡೆರಡು ಕೇಜಿ ಆಯಿತು.

ಹೇಗೋ ಹೊರಗೆ ಬಂದೆವು. ಹೈವೇಯಲ್ಲಿ ಅರವತ್ತು ಮೈಲಿ ವೇಗ ದಾಟಿದ್ದೇ ಸ್ಟೀರಿಂಗ್ ಗಡಗಡ ನಡುಗಿತು. ಟೈರ್ ಹೋಯಿತು ಅಂದುಕೊಂಡೆ. ನೋಡಿದರೆ ರಿಮ್ಮಿನ ಒಳಗೆ ಮಣ್ಣು ಒಂದೇ ಕಡೆ ಒಣಗಿ ಕೂತು ಬ್ಯಾಲೆನ್ಸ್ ತಪ್ಪಿಸಿತ್ತು. ಕಾರ್ ವಾಶ್‌ಗೆ ಎರಡು ಸಲ ದುಡ್ಡು ಹಾಕಿದರೂ ಬಿಡಲಿಲ್ಲ. ಕೊನೆಗೆ ಚಿತ್ರಾನ್ನದ ಡಬ್ಬಿಯ ಸ್ಟೀಲ್ ಚಮಚದಲ್ಲಿ ಕೆರೆದೆ. ಅಷ್ಟಾದರೂ ಬಾಡಿಗೆ ಕಾರಿನವರು ಕ್ಲೀನಿಂಗ್ ಚಾರ್ಜ್ ಹಾಕಿದರು.

ಪ್ರವೇಶ ಶುಲ್ಕ ಎರಡಕ್ಕೂ ಒಂದೇ. ಸೇಜ್ ಕ್ರೀಕ್‌ನಲ್ಲಿ ಟೆಂಟ್ ಹಾಕುವುದು ಪುಕ್ಕಟೆ, ಆದರೆ ಕುಡಿಯುವ ನೀರು ಇಲ್ಲ.

ನಾನು ಐದಕ್ಕೇ ಏಳುವವನು, ಬೈಸನ್ ನನಗೆ ಒಗ್ಗುತ್ತದೆ. ಮಳೆ ಬಂದ ಮಾರನೇ ದಿನ ಮಾತ್ರ ಹೋಗುವುದಿಲ್ಲ. ಅಮ್ಮನನ್ನು ಕೇಳಿ, ಕಣ್ಣು ಮುಚ್ಚಿ ಲ್ಯಾಬ್ ಅನ್ನುತ್ತಾರೆ. ಚಮಚ ಸೊಟ್ಟಗಾದ ಸಿಟ್ಟು ಇನ್ನೂ ಇಳಿದಿಲ್ಲ.